ಅಗ್ನಿಮಾಂದ್ಯವೆನ್ನುವ ಮುನ್ನ

ಕ್ಯಾನ್ಸರಿನಿಂದಾಗಿ ಅನ್ನನಾಳವನ್ನು ತೆಗೆದಾಗ ಸಾಮಾನ್ಯವಾಗಿ ಜಠರವನ್ನೇ ಕೊಳವೆಯಾಗಿಸಿ ಎದೆಗೇರಿಸುತ್ತಾರೆ. ಅದರ ಚಲನೆಗೆ ನೆರವಾಗುವ ವೇಗಸ್ ನರಗಳೂ ತುಂಡಾಗುತ್ತವೆ. ಅಂಥವರು ಉಂಡೊಡನೆ ಸಂಕಟವೆಂದರೆ, ಆಯುರ್ವೇದ ವೈದ್ಯರಾದ ನಾವು ಅಗ್ನಿಮಾಂದ್ಯವೆಂದೇ ಬಗೆದು ದೀಪನ ಚೂರ್ಣ ಕೊಡುವುದು ಸಲ್ಲದು. ಆಹಾರ ಅಲ್ಲಿಯೇ ತಂಗಿರಬಹುದು, ಇಲ್ಲವೇ ಅತಿವೇಗವಾಗಿ ಕರುಳಿಗೆ ಜಾರುತ್ತಿರಬಹುದು. ಎರಡರ ಚಿಕಿತ್ಸೆಯೂ ಬೇರೆ. ಎಂಡೋಸ್ಕೋಪಿಯು ಮುಖ್ಯವಾಗಿ ರಚನೆಯನ್ನು ತೋರುತ್ತದೆ. ಅಲ್ಪ ಪ್ರಮಾಣದ ವಿಕಿರಣಶೀಲ ಟೆಕ್ನೀಷಿಯಂ ಬೆರೆತ ಆಹಾರವನ್ನುಣಿಸಿ, ಗಾಮಾ ಕ್ಯಾಮೆರಾದಿಂದ ಸುಮಾರು 4 ಗಂಟೆಗಳವರೆಗೆ ಚಿತ್ರ ತೆಗೆದರೆ ಆಹಾರದ ನಡೆಯೇ ಕಾಣುತ್ತದೆ. ತೊಂದರೆ ಮುಂದುವರಿದರೆ ಮೊದಲು ಶಸ್ತ್ರವೈದ್ಯರಲ್ಲಿ ಈ ಪರೀಕ್ಷೆಯನ್ನು ವಿಚಾರಿಸಬೇಕೆಂಬುದು ನಮ್ಮ ಅಭಿಪ್ರಾಯ. ದಾಸೋಹದ ಪಂಕ್ತಿಯಲ್ಲಿಯೂ ಇಂಥ ಶರಣಬಂಧುಗಳಿಗೆ ಒತ್ತಾಯದಿಂದ ಬಡಿಸದಿರೋಣ. ಪ್ರಸಾದವು ಅವರಿಗೆ ಸ್ವಲ್ಪಸ್ವಲ್ಪವಾಗಿ, ಹಲವು ಬಾರಿ ಸಲ್ಲಲಿ. ಉಂಡೊಡನೆ ಅವರು ಮಲಗದಿರಲಿ.