ಕಣ್ಣಿಗೆ ಕಾಣದ್ದನ್ನು ಹೇಳುವ ಬಾವುಟ

ಬಾವುಟವೆಂದರೆ ಥಟ್ಟನೆ ನೆನಪಾಗುವುದು ಆಗಸ್ಟ್ 15ರಂದು ಶಾಲೆಯ ಅಂಗಳದಲ್ಲಿ ಹಾರುವ ತ್ರಿವರ್ಣ ಧ್ವಜ. ಅದು ರಾಷ್ಟ್ರದ ಗೌರವದ ಗುರುತು. ಆದರೆ ಸುದ್ದಿ ಮುಟ್ಟಿಸುವುದಕ್ಕೆಂದೇ ಇರುವ ಬಾವುಟಗಳೂ ಉಂಟು. ರೈಲಿನ ಕೊನೆಯ ಡಬ್ಬಿಯಲ್ಲಿ ಗಾರ್ಡ್ (2022ರಿಂದ ಇವರ ಹೆಸರು ಟ್ರೈನ್ ಮ್ಯಾನೇಜರ್) ಹಸಿರು ಬಾವುಟ ಬೀಸುವುದನ್ನು ನೀವು ನೋಡಿರಬಹುದು. 'ಹಿಂದೆ ಎಲ್ಲ ಸರಿಯಿದೆ, ಹೊರಡಬಹುದು' ಎಂದು ಅದರ ಅರ್ಥ. ಮುಂದಿರುವ ಚಾಲಕನಿಗೆ ಕಾಣದ ಸಂಗತಿಯನ್ನು ಅದು ತಿಳಿಸುತ್ತದೆ.

ಸಮುದ್ರದಲ್ಲಂತೂ ಬಾವುಟಗಳದ್ದೇ ಒಂದು ಲಿಪಿಯಿದೆ. ಅಂತಾರಾಷ್ಟ್ರೀಯ ಸಂಕೇತ ಪದ್ಧತಿಯಲ್ಲಿ ಇಂಗ್ಲಿಷಿನ 26 ಅಕ್ಷರಗಳಿಗೂ ಒಂದೊಂದು ಬಾವುಟ. ಬಳಸುವ ಬಣ್ಣ ಐದೇ: ಕೆಂಪು, ನೀಲಿ, ಹಳದಿ, ಕಪ್ಪು, ಬಿಳಿ. ದೂರದಿಂದಲೂ ಇವುಗಳನ್ನು ಬೇರೆ ಬೇರೆಯಾಗಿ ಗುರುತಿಸಬಹುದು. ಹಸಿರಿಗೆ ಇಲ್ಲಿ ಜಾಗವಿಲ್ಲ.

'ಎ' ಅಕ್ಷರದ ಬಿಳಿ-ನೀಲಿ ಬಾವುಟ ಹಾರುತ್ತಿದ್ದರೆ ನೀರಿನಡಿ ಮುಳುಗುಗಾರನಿದ್ದಾನೆ, ದೂರದಲ್ಲಿ ನಿಧಾನವಾಗಿ ಸಾಗಿ ಎಂದರ್ಥ. 'ಬಿ'ಯ ಕೆಂಪು ಬಾವುಟ ಹಡಗಿನೊಳಗೆ ಅಪಾಯಕಾರಿ ಸರಕಿದೆ ಎನ್ನುತ್ತದೆ. 'ಕ್ಯೂ'ನ ಹಳದಿ ಬಾವುಟ, 'ಹಡಗಿನಲ್ಲಿ ರೋಗವಿಲ್ಲ, ಬಂದರಿನೊಡನೆ ವ್ಯವಹರಿಸಲು ಅನುಮತಿ ಕೊಡಿ' ಎಂದು ಕೇಳುತ್ತದೆ. ಕೆಂಪು-ಹಳದಿಯನ್ನು ಓರೆಯಾಗಿ ಜೋಡಿಸಿದ 'ಓ' ಬಾವುಟ ಕಂಡರೆ ಯಾರೋ ನೀರಿಗೆ ಬಿದ್ದಿದ್ದಾರೆಂದು ತಿಳಿಯಬೇಕು.

ಅದೇ ಎರಡು ಬಣ್ಣ, ಮೇಲೆ ಕೆಂಪು ಕೆಳಗೆ ಹಳದಿಯಾಗಿ ಕಡಲತೀರದಲ್ಲಿ ಹಾರಿದರೆ ಅರ್ಥವೇ ಬೇರೆ. ಅಲ್ಲಿ ಜೀವರಕ್ಷಕರ ಕಾವಲಿದೆ. ಅಂಥ ಎರಡು ಬಾವುಟಗಳ ನಡುವೆ ಮಾತ್ರ ನೀರಿಗಿಳಿಯಬೇಕು. ಬರೀ ಕೆಂಪು ಬಾವುಟವಿದ್ದರೆ ಇಳಿಯಲೇ ಕೂಡದು.

'ನೀರು ಶಾಂತವಾಗಿದೆಯಲ್ಲ, ಸಾರ್?' ಎಂದು ನೀವು ಕೇಳಬಹುದು. ದಡಕ್ಕೆ ನುಗ್ಗಿದ ನೀರು ಕೆಲವೆಡೆ ಕಿರಿದಾದ ಹಾದಿ ಹಿಡಿದು ರಭಸದಿಂದ ಹಿಂದಿರುಗುತ್ತದೆ. ಆ ಹಾದಿಯಲ್ಲಿ ಅಲೆ ಹೆಚ್ಚು ಒಡೆಯುವುದಿಲ್ಲ. ಆದ್ದರಿಂದ ಶಾಂತವಾಗಿ ಕಾಣುವ ಜಾಗವೇ ಒಳಕ್ಕೆ ಎಳೆದೊಯ್ಯುವ ಜಾಗವಾಗಿರಬಹುದು. ನಮ್ಮ ಕಣ್ಣಿಗೆ ತಿಳಿಯದ ಈ ಸೆಳೆತವನ್ನು ಬಲ್ಲವರು ಬಾವುಟ ನೆಡುತ್ತಾರೆ.

2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆಂದು ಮುರ್ಡೇಶ್ವರಕ್ಕೆ ಹೋಗಿದ್ದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದರು. ಪೋಷಕರೇ, ಪ್ರವಾಸದ ಬುತ್ತಿ ಕಟ್ಟುವಾಗ ಈ ಎರಡು ಬಾವುಟಗಳ ಅರ್ಥವನ್ನೂ ಮಕ್ಕಳಿಗೆ ಹೇಳಿ ಕಳುಹಿಸಿ. ಇನ್ನೊಂದು ಮಾತು: ಎಲ್ಲ ತೀರಗಳಲ್ಲೂ ಬಾವುಟ ಇರುವುದಿಲ್ಲ. ಬಾವುಟವಿಲ್ಲವೆಂದರೆ ಅಪಾಯವಿಲ್ಲವೆಂದಲ್ಲ, ಕಾಯುವವರಿಲ್ಲವೆಂದು ತಿಳಿದು ದಡದಲ್ಲೇ ನಿಲ್ಲಬೇಕು.