ಸೋಯಾ ಹೊಲದಾಗ ಭಜ್ಜಿ ಎಲ್ಲಿಂದ?

ಮಾಣಿಕನಗರದ ದತ್ತ ಜಯಂತಿ ಜಾತ್ರೆ ಮುಗಿದು ಹದಿನೈದು ದಿನಕ್ಕೆ ಎಳ್ಳ ಅಮಾವಾಸ್ಯೆ. 2025ರಲ್ಲಿ ಡಿಸೆಂಬರ್ 19ಕ್ಕೆ ಬಂತು. ಅದರ ಮುನ್ನಾದಿನ ಹುಮನಾಬಾದಿನ ಕಾಯಿಪಲ್ಲೆ ಬಜಾರಿಗೆ ಹೋಗಿ ನೋಡಬೇಕು. ಎಂಟು–ಹತ್ತು ಎಕರೆ ಹೊಲ ಇದ್ದವರೇ ಬಟಾಣಿ, ಅವರೆ, ತೊಗರಿಕಾಯಿಗೆ ಚೌಕಾಶಿ ಮಾಡುತ್ತ ನಿಂತಿರುತ್ತಾರೆ. ಹೊಲದ ತಾಯಿಗೆ ಎಡೆ ಹಿಡಿಯಲು ಬಜಾರಿನ ಕಾಳು!

ನಮ್ಮ ಬೀದರ್ ಸೀಮೆಯಲ್ಲಿ ಆ ಕಾಳಿನಿಂದ ಹಬ್ಬಕ್ಕೆ ಮಾಡುವ ಭಜ್ಜಿ ಎಣ್ಣೆಯಲ್ಲಿ ಕರಿದದ್ದಲ್ಲ, ಗಡಿಗೆಯಲ್ಲಿ ಕುದಿಸಿದ್ದು. ಬಸವಕಲ್ಯಾಣದ ನಮ್ಮ ಅತ್ತೆ ಅಲಸಂದಿಯನ್ನು ಹಿಂದಿನ ರಾತ್ರಿಯೇ ನೆನೆಹಾಕುತ್ತಿದ್ದರು. ಬೆಳಗಿನ ಜಾವ ಅದು ಅರ್ಧ ಬೆಂದ ಮೇಲೆ ಹಸಿ ತೊಗರಿ, ಹಸಿ ಕಡಲೆ, ಅವರೆ, ಶೇಂಗಾ ಬೀಳುತ್ತಿದ್ದವು. ಆಮೇಲೆ ಬದನೆ, ಗಜ್ಜರಿ. ಕಡೆಗೆ ಮೆಂತ್ಯ, ಪಾಲಕ, ಕಡಲೆಸೊಪ್ಪು, ಉಳ್ಳಾಗಡ್ಡಿ ತಪ್ಪಲು. ಹುಳಿ ಮಜ್ಜಿಗೆಯಲ್ಲಿ ಕಲಸಿದ ಕಡಲೆಹಿಟ್ಟು ಹೊಯ್ದ ಮೇಲೆ ಸೌಟು ನಿಲ್ಲಿಸುವಂತಿಲ್ಲ. ತಳ ಹಿಡಿದರೆ ಇಡೀ ಗಡಿಗೆಗೇ ಸೀದ ವಾಸನೆ. "ಹೊಲದಾಗ ಏನೇನು ಅದನೋ ಎಲ್ಲಾ ಗಡಿಗ್ಯಾಗ ಬರಬೇಕವ್ವ, ಒಂದೂ ಬಿಡಬ್ಯಾಡ" ಅನ್ನುತ್ತಿದ್ದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮಡಕೆಯಲ್ಲಿ ಹುಳಿಗಟ್ಟಿದ ಜೋಳದ ಅಂಬಲಿ ಹೊತ್ತು ಹೊಲಕ್ಕೆ ನಡೆಯುವುದು. ದಂಟಿನ ಕೊಂಪೆಯಲ್ಲಿ ಸುಣ್ಣ ಬಳಿದ ಐದು ಕಲ್ಲು, ಅವೇ ಪಾಂಡವರು. ಪೂಜೆ ಮಾಡಿ, ಚರಗ ಚೆಲ್ಲಿದ ಮೇಲೆಯೇ ಊಟ. ಗಡಿಯಾಚೆಯ ಲಾತೂರಿನಲ್ಲೂ ಇದೇ ಹಬ್ಬ, ಇದೇ ಭಜ್ಜಿ. ಅಲ್ಲಿ ಅಂದು ಸ್ಥಳೀಯ ರಜೆಯನ್ನೂ ಕೊಡುತ್ತಾರೆ.

ಕಾಳು ಕುದಿಸಿ ವರ್ಷ ಒಳ್ಳೆಯದಾಗಲಿ ಎಂದು ಬೇಡುವುದು ನಮ್ಮೊಬ್ಬರದೇ ರೂಢಿಯಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಜನವರಿ 1ರಂದು ಇದೇ ಅಲಸಂದಿಗೆ ಅಕ್ಕಿ, ಹಂದಿಮಾಂಸ ಕೂಡಿಸಿ 'ಹಾಪಿನ್ ಜಾನ್' ಮಾಡುತ್ತಾರೆ. ಸಾರಾ ರಟ್‌ಲೆಜ್ 1847ರಲ್ಲಿ ಹೊರತಂದ ಅಡುಗೆ ಪುಸ್ತಕದಲ್ಲೇ ಅದರ ವಿಧಾನ ಇದೆ. ಕಾಳು ನಾಣ್ಯವಂತೆ, ಪಕ್ಕದ ಸೊಪ್ಪು ನೋಟಂತೆ. ಆ ಕಾಳು ಅಲ್ಲಿಗೆ ಹೋದದ್ದು ಪಶ್ಚಿಮ ಆಫ್ರಿಕಾದಿಂದ, ಗುಲಾಮರನ್ನು ತುಂಬಿಕೊಂಡು ಹೋದ ಹಡಗುಗಳ ಕಾಲದಲ್ಲಿ. ಅಮೆರಿಕದವರಿಗೆ ಅದು ದುಡ್ಡಿನ ಗುರುತು. ನಮ್ಮ ಭಜ್ಜಿ ಹೊಲದ ಹಾಜರಿ ಪುಸ್ತಕ.

ಆ ಪುಸ್ತಕದಲ್ಲಿ ಮೊದಲು ಗೈರಾದದ್ದು ಅಲಸಂದಿಯೇ. ಅದನ್ನು ಯಾರೂ ಎಕರೆಗಟ್ಟಲೆ ಬಿತ್ತಿದವರಲ್ಲ. ಹೆಣ್ಣುಮಕ್ಕಳು ಉಡಿಯಲ್ಲಿ ಕಟ್ಟಿಕೊಂಡು ಹೋಗಿ ಅಕ್ಕಡಿ ಸಾಲಿಗೆ, ಬದುವಿಗೆ ಊರುತ್ತಿದ್ದ ಬೀಜ ಅದು. ಈಗ ಮುಂಗಾರಿಗೆ ಕಣ್ಣು ಹಾಯಿಸಿದಲ್ಲೆಲ್ಲ ಸೋಯಾ. ಅಕ್ಟೋಬರಿನಲ್ಲಿ ರಾಶಿ ಮುಗಿದರೆ ಹಬ್ಬದ ಹೊತ್ತಿಗೆ ಆ ಹೊಲದಿಂದ ಗಡಿಗೆಗೆ ಬರುವುದು ಏನೂ ಇಲ್ಲ. ಸೋಯಾ ಬಿತ್ತಿದವರನ್ನು ನಾನು ಬೈಯಲಾರೆ. ನಮ್ಮ ಮನೆಗೆ ಸ್ಲ್ಯಾಬ್ ಬಿದ್ದದ್ದೇ ಸೋಯಾ ದುಡ್ಡಿನಲ್ಲಿ. 2025–26ಕ್ಕೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್ ಸೋಯಾಕ್ಕೆ 5,328 ರೂಪಾಯಿ, ತೊಗರಿಗೆ 8,000. ಹೆಸರು, ಉದ್ದು, ಕಡಲೆಯೂ ಆ ಪಟ್ಟಿಯಲ್ಲಿವೆ. ಅಲಸಂದಿ ಇಲ್ಲ, ಅವರೆ ಇಲ್ಲ. ಪಟ್ಟಿಯಲ್ಲಿಲ್ಲದ ಕಾಳಿಗೆ ಸಾಲು ಬಿಡು ಎಂದರೆ ಗಂಡಸರು ನಗುತ್ತಾರೆ.

ಮಳೆ ಹಿಡಿದ ವರ್ಷ ಸೋಯಾ ನೀರಲ್ಲಿ ನಿಂತು ಕೊಳೆತಾಗ ಮಾತ್ರ ಯಾರೂ ನಗುವುದಿಲ್ಲ. ಅಕ್ಕಡಿ ಇದ್ದ ಹೊಲದಲ್ಲಿ ಒಂದು ಹೋದರೆ ಇನ್ನೊಂದು ಕೈಗೆ ಹತ್ತುತ್ತಿತ್ತು. ಭಜ್ಜಿ ತಿಂದವರಿಗೆ ವರ್ಷ ಚಲೋ ಹೋಗುತ್ತಿದ್ದದ್ದು ಹೀಗೆ ಎಂದು ನನ್ನ ಲೆಕ್ಕ, ದೇವರನ್ನು ನಂಬುವವಳಾಗಿಯೇ ಹೇಳುತ್ತೇನೆ.

ಮುಂಗಾರಿಗೆ ರೈತ ಸಂಪರ್ಕ ಕೇಂದ್ರದ ಮುಂದೆ ರಿಯಾಯಿತಿ ಬೀಜದ ಚೀಲಕ್ಕೆ ಪಾಳಿ ಹಚ್ಚುತ್ತೇವೆ. ಚೀಲದ ಸಂಗಡ ಒಂದೊಂದು ಪಾವು ಅಲಸಂದಿ, ಅವರೆ ಬೀಜ ಕೊಟ್ಟರೆ ಸರ್ಕಾರದ ಖಜಾನೆ ಬರಿದಾಗುವುದಿಲ್ಲ. ಕೊಡುವ ತನಕ ಕಾಯಬೇಕೆಂದೂ ಇಲ್ಲ. ಹುಮನಾಬಾದ್ ಕಡೆಯ ನನ್ನ ತವರಿನಲ್ಲಿ ತಮ್ಮನ ಹೆಂಡತಿ ಬೂದಿಯಲ್ಲಿ ಬೆರೆಸಿ ಬೀಜ ಕಾಪಾಡಿಕೊಂಡು ಬಂದಿದ್ದಾಳೆ. ಅವಳ ಹತ್ತಿರ ಬೊಗಸೆ ಇಸಿದುಕೊಂಡಿದ್ದೇನೆ. ತೊಗರಿ ನಡುವೆ ನಾಲ್ಕು ಸಾಲು ಹಾಕೋಣ ಎಂದರೆ ನಮ್ಮ ಮನೆಯವರು ಎರಡು ಸಾಕು ಅನ್ನುತ್ತಿದ್ದಾರೆ. ನಾಲ್ಕಕ್ಕೆ ಕಮ್ಮಿ ನಾನು ಒಪ್ಪುವವಳಲ್ಲ.