‘ನೋ ಸಿಗ್ನಲ್’ ಅಂದ್ರೇನು ಅಂತ ಕನ್ನಡದಲ್ಲಿ ಹೇಳ್ರಪ್ಪಾ

ಟಿವಿ ಪರದೆ ತುಂಬಾ ನೀಲಿ, ನಡುವೆ ಇಂಗ್ಲಿಷಿನಲ್ಲಿ ‘ನೋ ಸಿಗ್ನಲ್’. ಇಷ್ಟು ಸೋಮಾರಿಯಾದ ಸಂದೇಶ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯುವವನು ನಾನು. ಏನು ಕೆಟ್ಟಿದೆ ಅಂತ ಯಂತ್ರಕ್ಕೆ ಗೊತ್ತಿದ್ದೂ ಬಳಸುವವರಿಗೆ ತಿಳಿಸದಿದ್ದರೆ ನಮ್ಮ ಆಫೀಸಿನಲ್ಲಿ ಅದನ್ನು ಬಗ್ ಅಂತೀವಿ. ಸೆಟ್‌ಟಾಪ್ ಬಾಕ್ಸಿನವರು ಅದನ್ನೇ ಮಾರ್ತಾರೆ :)

ನಮ್ಮೂರು ನಾಲವಾರ, ವಾಡಿಗೂ ಯಾದಗಿರಿಗೂ ನಡುವೆ ಬರುವ ಸಣ್ಣ ಸ್ಟೇಷನ್. ಮನೆಯಲ್ಲಿ ಅವ್ವ, ಅಪ್ಪ ಇಬ್ಬರೇ. ಬೆಂಗಳೂರಿಗೆ ಬರೋ ಫೋನಿನಲ್ಲಿ ಕಾಲು ಭಾಗ ಟಿವಿ ಸಮಾಚಾರ. “ತಮ್ಮಾ, ಟಿವಿ ಹೋಗ್ಯಾದ ನೋಡು. ಇಂಗ್ಲಿಷ್‌ನಾಗ ಏನೋ ಬರದದ.” ಅವ್ವ ಕನ್ನಡ ಪೇಪರ್ ಮೊದಲ ಪುಟದಿಂದ ಕೊನೆಯವರೆಗೆ ಓದ್ತಾಳೆ. ಇಂಗ್ಲಿಷ್ ಬರಲ್ಲ. ಹೋದ ಮಳೆಗಾಲದಲ್ಲಿ ಹೀಗೇ ಆಗಿ, ದೂರು ಕೊಟ್ಟ ನಾಲ್ಕನೇ ದಿನ ಹುಡುಗನೊಬ್ಬ ಬಂದ. ಮಾಳಿಗೆ ಹತ್ತಿ, ಎಲ್‌ಎನ್‌ಬಿ ಹತ್ತಿರದ ಪಿನ್ ಬಿಚ್ಚಿ, ಹಸಿರುಗಟ್ಟಿದ ಕೇಬಲ್ ತುದಿ ಒಂದಿಂಚು ಕತ್ತರಿಸಿ, ಹೊಸ ಪಿನ್ ಹಾಕಿ, ಟೇಪು ಸುತ್ತಿ ಇಳಿದ. ಹತ್ತು ನಿಮಿಷದ ಕೆಲಸ, 350 ರೂಪಾಯಿ. ಅದು ಅವನ ದುಡಿಮೆ, ಅವನ ಮೇಲೆ ನನಗೆ ಸಿಟ್ಟಿಲ್ಲ. ನಾಲ್ಕು ದಿನ ಒಂದೇ ಮಾತು ಹೇಳ್ತಾ ಕೂತ ಪೆಟ್ಟಿಗೆ ಮೇಲೆ ಸಿಟ್ಟು.

ಯಾಕಂದ್ರೆ ಪೆಟ್ಟಿಗೆಗೆ ಸುಮಾರು ಗೊತ್ತಿರುತ್ತೆ. ಮೆನುವಿನ ಒಳಗೆಲ್ಲೋ ಎರಡು ಪಟ್ಟಿಗಳಿರ್ತವೆ: ಸ್ಟ್ರೆಂತ್, ಕ್ವಾಲಿಟಿ. ಕೇಬಲ್ಲಿನಲ್ಲಿ ಎಷ್ಟು ಜೋರಾಗಿ ‘ಏನೋ’ ಬರ್ತಿದೆ ಅನ್ನೋದು ಸ್ಟ್ರೆಂತ್, ಗದ್ದಲವೂ ಅದರಲ್ಲಿ ಸೇರಿರುತ್ತೆ. ಆ ಗದ್ದಲದೊಳಗೆ ಮಾತು ಎಷ್ಟು ತಿಳೀತಿದೆ ಅನ್ನೋದು ಕ್ವಾಲಿಟಿ. ಜಾತ್ರೆಯ ಮೈಕು ನೆನಪಿಸಿಕೊಳ್ಳಿ, ಸ್ಟ್ರೆಂತ್‌ಗೆ ಕೊರತೆಯೇ ಇಲ್ಲ! ಎರಡೂ ಸೊನ್ನೆಯಾದ್ರೆ ಮೊದಲು ಕೇಬಲ್, ಪಿನ್, ಎಲ್‌ಎನ್‌ಬಿ ನೋಡಬೇಕು. ಪೆಟ್ಟಿಗೆಯಿಂದ ಎಲ್‌ಎನ್‌ಬಿಗೆ ಇದೇ ಕೇಬಲ್ಲಿನಲ್ಲಿ 13 ಅಥವಾ 18 ವೋಲ್ಟ್ ಕರೆಂಟ್ ಹೋಗುತ್ತೆ, ಹಾಗಾಗಿ ಪಿನ್ನಿಗೆ ನೀರಿಳಿದರೆ ತಾಮ್ರ ಬೇಗ ಕೊಳೆಯುತ್ತೆ. ಸ್ಟ್ರೆಂತ್ ಇದ್ದು ಕ್ವಾಲಿಟಿ ಸೊನ್ನೆಯಾದ್ರೆ ಡಿಶ್ ಅಲುಗಿರೋ ಸಾಧ್ಯತೆಯೇ ಹೆಚ್ಚು. ಗಾಳಿ, ಇಲ್ಲವೇ ಮಂಗ.

ದಿಕ್ಕು ಹೇಳೋದೂ ಬ್ರಹ್ಮವಿದ್ಯೆ ಅಲ್ಲ. ಡಿಡಿ ಫ್ರೀ ಡಿಶ್ ಬರೋದು 93.5 ಡಿಗ್ರಿ ಪೂರ್ವದಲ್ಲಿರೋ ಜಿಸ್ಯಾಟ್-15ರಿಂದ. ನಾಲವಾರದ ಅಕ್ಷಾಂಶ ರೇಖಾಂಶ ಹಾಕಿ ಲೆಕ್ಕ ಮಾಡಿದರೆ ಅದು ಹೆಚ್ಚುಕಮ್ಮಿ ಸರಿಯಾಗಿ ಆಗ್ನೇಯಕ್ಕೆ, 62 ಡಿಗ್ರಿ ಎತ್ತರದಲ್ಲಿ ಸಿಗುತ್ತೆ. ಆಗ್ನೇಯ ಅಂದ್ರೆ ನಮ್ಮ ಕಡೆ ಮಕ್ಕಳಿಗೂ ಗೊತ್ತು, ಒಲೆ ಇಡೋ ಮೂಲೆ. (ಡಿಶ್ ಅಷ್ಟು ಮೇಲೆ ನೋಡ್ತಿಲ್ವಲ್ಲ ಅನ್ನಿಸಬಹುದು. ಅದು ಆಫ್‌ಸೆಟ್ ಡಿಶ್, ಮುಖ ಕಾಣೋದಕ್ಕಿಂತ ಇಪ್ಪತ್ತೈದು ಡಿಗ್ರಿಯಷ್ಟು ಮೇಲಿಂದ ಸಿಗ್ನಲ್ ಹಿಡಿಯುತ್ತೆ.)

ನನಗೆ ನಿಜಕ್ಕೂ ಹೆದರಿಕೆ ಹುಟ್ಟಿಸೋದು ಮಳೆ. ಡಿಟಿಎಚ್ ಬಳಸೋ ಕೆಯು ಬ್ಯಾಂಡಿನ ಅಲೆ 11-12 ಗಿಗಾಹರ್ಟ್ಸ್‌ನದು, ಉದ್ದ ಎರಡೂವರೆ ಸೆಂಟಿಮೀಟರ್. ಜೋರು ಮಳೆ ಅದನ್ನು ಹೀರಿ ಚದುರಿಸಿಬಿಡುತ್ತೆ. ಮಳೆ ನಿಂತ ಮೇಲೆ ತಾನಾಗೇ ಬರುತ್ತೆ, ಯಾರೂ ಏನೂ ಮಾಡಬೇಕಿಲ್ಲ. ಪೆಟ್ಟಿಗೆ ಇದನ್ನು ಹೇಳಲ್ಲವಾದ್ದರಿಂದ ಅರವತ್ತು ದಾಟಿದ ನಮ್ಮಪ್ಪ ನೆನೆದ ಶಹಾಬಾದ್ ಕಲ್ಲಿನ ಮೇಲೆ ಕಾಲಿಟ್ಟು ಮಾಳಿಗೆ ಹತ್ತುತ್ತಾರೆ, ಡಿಶ್ ಅಲುಗಾಡಿಸೋಕೆ. ನೆಟ್ಟಗಿದ್ದ ಡಿಶ್ ಕೂಡ ಹಾಳು, ಜಾರಿ ಬಿದ್ದರೆ ಸೊಂಟವೂ ಹೋಯ್ತು. ‘ಜೋರು ಮಳೆಯಿದ್ದರೆ ಕಾಯಿರಿ, ಮೇಲೆ ಹತ್ತಬೇಡಿ’ ಅಂತ ಒಂದು ಸಾಲು ಸಾಕಿತ್ತು. ಇನ್ನು ಮಾರ್ಚ್ ಎರಡನೇ ವಾರ, ಮತ್ತೆ ಸೆಪ್ಟೆಂಬರ್ ಕೊನೆ-ಅಕ್ಟೋಬರ್ ಶುರುವಿನಲ್ಲಿ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬರ್ತಾನೆ. ನಮ್ಮೂರಿನಲ್ಲಿ ಬೆಳಗ್ಗೆ ಹನ್ನೊಂದರ ಸುಮಾರಿಗೆ ಕೆಲವು ನಿಮಿಷ ಚಿತ್ರ ಒಡೆಯಬಹುದು. ಅದಕ್ಕೂ ರಿಪೇರಿ ಇಲ್ಲ, ಬೇಕೂ ಇಲ್ಲ.

ದನಿಯ ಕಥೆ ಬೇರೆ. “ಚಿತ್ರ ಬರ್ಲತ್ತದ, ಮಾತು ಹಿಂದ್ಯಾಗ ಅದ” ಅಂದ್ರೆ ಯಾರೋ ರಿಮೋಟಿನ ಭಾಷೆ ಗುಂಡಿ ಒತ್ತಿದ್ದಾರೆ ಅಂತ. ದನಿ ಬಂದು ಚಿತ್ರ ಕಪ್ಪಾದರೆ ಎಂಪೆಗ್-4 ಚಾನಲ್ಲನ್ನು ಹಳೇ ಎಂಪೆಗ್-2 ಪೆಟ್ಟಿಗೆಯಲ್ಲಿ ನೋಡ್ತಿರಬಹುದು, ಎಷ್ಟು ಪಿನ್ ಬದಲಿಸಿದರೂ ಉಪಯೋಗವಿಲ್ಲ. ಬಣ್ಣ ಹೋದರೆ ಹಳದಿ ವೈರು ಹಸಿರು ತೂತಿಗೆ ಹೋಗಿದೆಯಾ ನೋಡಿ.

ನಮ್ಮ ಜಿಲ್ಲೆಗೆ ಉಪಗ್ರಹ ಟಿವಿ ಹೊಸದಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಇಸ್ರೋ-ನಾಸಾ ‘ಸೈಟ್’ ಪ್ರಯೋಗಕ್ಕೆ ಕರ್ನಾಟಕದಲ್ಲಿ ಆರಿಸಿದ್ದು ಗುಲ್ಬರ್ಗಾ, ಬಿಜಾಪುರ, ರಾಯಚೂರು ಜಿಲ್ಲೆಯ ಹಳ್ಳಿಗಳನ್ನೇ. ಕೋಳಿಗೂಡಿನ ಜಾಲರಿಯಿಂದ ಮಾಡಿದ ಹತ್ತಡಿ ಆಂಟೆನಾ, ಎಟಿಎಸ್-6 ಉಪಗ್ರಹ. 860 ಮೆಗಾಹರ್ಟ್ಸ್ ಅಲೆಯಾದ್ದರಿಂದ ಮಳೆಯ ಕಾಟವೂ ಇರಲಿಲ್ಲ. ಒಂದು ಚಿತ್ರದ ಜೊತೆ ಎರಡು ಭಾಷೆಯ ದನಿ ಕಳಿಸೋ ಏರ್ಪಾಟು ಆಗಲೇ ಇತ್ತು. ಕಾರ್ಯಕ್ರಮ ಕನ್ನಡದಲ್ಲಿ, ಕೆಟ್ಟ ಸೆಟ್ಟಿನ ರಿಪೇರಿಗೆ ಹಳ್ಳಿಗಳ ಗುಂಪಿಗೊಂದು ನಿರ್ವಹಣಾ ಕೇಂದ್ರ. ನೋಡುವವರು ಯಾರು, ಅವರಿಗೆ ಏನು ಗೊತ್ತು, ಏನು ಗೊತ್ತಿಲ್ಲ ಅಂತ ಮೊದಲೇ ಯೋಚಿಸಿದ್ದರು.

ಕನ್ನಡ ಅಕ್ಷರ ಕಷ್ಟ, ಒತ್ತು ಕೊಂಬು ಸರಿ ಮೂಡಲ್ಲ, ಮೆಮೊರಿ ಸಾಲದು ಅಂತ ಗೊಣಗೋ ಇಂಜಿನಿಯರುಗಳನ್ನು ನಾನೂ ಬಲ್ಲೆ. ಬೇಕಾಗಿರೋದು ಹತ್ತು ವಾಕ್ಯ. ಫಾಂಟೇ ಬೇಡ, ಹತ್ತು ಸಣ್ಣ ಚಿತ್ರಗಳಾಗಿ ಪೆಟ್ಟಿಗೆಯೊಳಗೆ ಇಟ್ಟರಾಯ್ತು. ಅವ್ವನ ಟಿವಿ ಪಕ್ಕ ಸದ್ಯಕ್ಕೆ ಆ ಹತ್ತು ವಾಕ್ಯ ನನ್ನ ಕೈಬರಹದಲ್ಲಿ ಅಂಟಿಕೊಂಡಿವೆ, ಮಳೆಯದು ಎಲ್ಲಕ್ಕಿಂತ ಮೇಲೆ, ಕೆಂಪು ಶಾಯಿಯಲ್ಲಿ. ನಿಮ್ಮ ಮನೆಯ ಪೆಟ್ಟಿಗೆ ಏನಾದರೂ ಕನ್ನಡದಲ್ಲಿ ತನ್ನ ಕಷ್ಟ ಹೇಳಿಕೊಳ್ಳುತ್ತಾ? ಹೇಳುತ್ತೆ ಅನ್ನೋದಾದ್ರೆ ಯಾವ ಮಾಡೆಲ್ ಅಂತ ತಿಳಿಸಿ, ಊರಿಗೆ ಅದನ್ನೇ ಕೊಡಿಸ್ತೀನಿ.